ಬಿರುಕು ಬಿಟ್ಟರೂ ಸೀಳದ ಹಲ್ಲು

ನಿಪ್ಪಟ್ಟು, ಕೋಡುಬಳೆ, ಉತ್ತರ ಕರ್ನಾಟಕದ ಖಡಕ್ ರೊಟ್ಟಿ ಇವುಗಳ ಗುಣಗಾನಕ್ಕೆ ಈ ಅಂಕಣದಲ್ಲಿ ಎಂದೂ ಬರವಿಲ್ಲ. ಅವನ್ನು ಮುರಿದು ಪುಡಿ ಮಾಡುವ ಹಲ್ಲನ್ನು ಮಾತ್ರ ನಾವು ತಿಂಡಿಪೋತರು ನೋವು ಬಂದಾಗಷ್ಟೇ ನೆನೆಯುವುದು. ಗಟ್ಟಿ ನಿಪ್ಪಟ್ಟನ್ನು ಕಡಿದಾಗ ದವಡೆ ಹಲ್ಲಿನ ಮೇಲೆ ಹತ್ತಾರು ಕಿಲೋ ಭಾರ ಬೀಳುತ್ತದೆ. ದಿನಕ್ಕೆ ನೂರಾರು ಸಲ, ಹೀಗೇ ವರ್ಷಗಟ್ಟಲೆ. ಒಂದೇಟಿಗೆ ಮುರಿಯದ ಲೋಹ ಕೂಡ ಮತ್ತೆ ಮತ್ತೆ ಭಾರ ಬಿದ್ದರೆ ದಣಿದು ಸೀಳುತ್ತದೆ. ಹಲ್ಲು ತಾಳುವುದು ಹೇಗೆ?

ಬಿರುಕೇ ಬೀಳದಷ್ಟು ಗಟ್ಟಿ ಎಂಬ ಕಾರಣಕ್ಕಲ್ಲ. ಹಲ್ಲಿನ ಹೊರಪದರ ಎನಾಮಲ್. ತೂಕದಲ್ಲಿ ಅದರ ಶೇ. 96ರಷ್ಟು ಖನಿಜವೇ, ಆದ್ದರಿಂದ ಗಡಸು, ಜೊತೆಗೆ ಪೆಡಸು. ನಡುವಯಸ್ಸಿನವರು ಕನ್ನಡಿ ಮುಂದೆ ನಿಂತು ಬೆಳಕು ಓರೆಯಾಗಿ ಬೀಳುವಂತೆ ನೋಡಿಕೊಂಡರೆ ಮುಂದಿನ ಹಲ್ಲುಗಳಲ್ಲಿ ಉದ್ದುದ್ದ ಕೂದಲೆಳೆ ಗೆರೆಗಳು ಕಾಣಬಹುದು. ಗಾಬರಿ ಬೇಡ, ಅವು ಸಾಮಾನ್ಯವಾಗಿ ಅಲ್ಲಿಗೇ ನಿಂತ ಬಿರುಕುಗಳು.

ನಿಲ್ಲಿಸುವ ಕಲೆ ಒಳಗಿದೆ. ಎನಾಮಲ್ ಅಂದರೆ ಸುಮಾರು 5 ಮೈಕ್ರಾನ್ ದಪ್ಪದ ಅಸಂಖ್ಯ ಸರಳುಗಳು. ಮೇಲ್ಭಾಗದಲ್ಲಿ ಅವು ಬಹುಮಟ್ಟಿಗೆ ನೇರ. ಒಳಕ್ಕೆ ಹೋದಂತೆ ಒಂದಕ್ಕೊಂದು ಅಡ್ಡಹಾಯ್ದು ಹೆಣೆದುಕೊಂಡಿವೆ. ಸೌದೆ ಸೀಳಿ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ: ನೇರ ಎಳೆಯ ಕಟ್ಟಿಗೆ ಒಂದೇ ಏಟಿಗೆ ಹೋಳಾಗುತ್ತದೆ, ಗಂಟು ಬಿದ್ದದ್ದು ಕೊಡಲಿಯನ್ನೇ ಹಿಡಿದುಕೊಳ್ಳುತ್ತದೆ. ಈ ಹೆಣಿಗೆ ಸೂಕ್ಷ್ಮದರ್ಶಕದಲ್ಲಿ ಕಪ್ಪು ಬಿಳಿ ಪಟ್ಟಿಗಳಾಗಿ ಕಾಣುತ್ತದೆ. 1771ರಲ್ಲಿ ಹಲ್ಲಿನ ಕುರಿತೇ ಪುಸ್ತಕ ಬರೆದ ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ಹೆಸರು ಆ ಪಟ್ಟಿಗಳಿಗಿದೆ.

ಅದನ್ನೂ ದಾಟಿ ಬಂದ ಬಿರುಕಿಗೆ ಎನಾಮಲ್ ಕೆಳಗಿನ ಪದರವಾದ ಡೆಂಟಿನ್ ಎದುರಾಗುತ್ತದೆ. ಇದರಲ್ಲಿ ಖನಿಜ ಕಡಿಮೆ, ಕೊಲಾಜೆನ್ ನಾರು ಮತ್ತು ನೀರು ಹೆಚ್ಚು. ಬಿರುಕಿನ ಎರಡು ದಡಗಳನ್ನು ನಾರುಗಳು ಎಳೆದು ಹಿಡಿಯುತ್ತವೆ. ವಯಸ್ಸಾದಂತೆ ಡೆಂಟಿನ್ನಿನ ಸಣ್ಣ ಕೊಳವೆಗಳಲ್ಲಿ ಖನಿಜ ತುಂಬಿ ಈ ತಾಳಿಕೆ ಕುಗ್ಗುತ್ತದೆ. ಎನಾಮಲ್‌ನಲ್ಲಂತೂ ಜೀವಕೋಶಗಳೇ ಇಲ್ಲ. ಮೂಳೆಯ ಹಾಗೆ ಕೂಡಿಕೊಳ್ಳುವ ಮಾತೇ ಇಲ್ಲ.

ಹಾಗಾಗಿ ನನ್ನ ತೀರ್ಪು: ನಿಪ್ಪಟ್ಟಿಗೆ ಅಡ್ಡಿಯಿಲ್ಲ. ಐಸ್ ತುಂಡು, ಗೋಟಡಿಕೆ ಕಡಿಯುವ ಚಟ ಬೇಡವೇ ಬೇಡ. ದೊಡ್ಡ ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಆದ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸಿ ಎಂದು ಡಾಕ್ಟರು ಹೇಳಿದರೆ ಮುಂದೂಡಬೇಡಿ. ಕಡಿದು ಬಿಟ್ಟ ಕ್ಷಣ ಒಂದೇ ಹಲ್ಲು ಚುಳ್ಳೆಂದರೆ ತೋರಿಸಿಕೊಳ್ಳಿ. ಇಂಥ ಬಿರುಕು ಎಷ್ಟೋ ಸಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.