ಕೋಟೆಯೂ ಮುತ್ತಿಗೆಯೂ: ಆಟಿಸಂ ವಾಙ್ಮಯದ ಒಂದು ರೂಪಕ

ಆಟಿಸಂ ಎಂಬ ಸ್ಥಿತಿಯುಳ್ಳ ಮಕ್ಕಳು ಅದರಿಂದ ಗುಣಹೊಂದಬಲ್ಲರೆ ಎಂಬ ಪ್ರಶ್ನೆಯು ವೈದ್ಯಶಾಸ್ತ್ರಕ್ಕೆ ಸೇರಿದುದೆಂದು ಸಾಹಿತ್ಯಾಭ್ಯಾಸಿಗಳು ಅದನ್ನು ದೂರವಿಡುವುದುಂಟು. ಆದರೆ ಆ ವಿವಾದದ ಗ್ರಂಥಗಳನ್ನು ಪರಾಂಬರಿಸಿದರೆ, ವಾದದ ಬಹುಭಾಗವು ಪ್ರಮಾಣಕ್ಕಿಂತ ಅಲಂಕಾರವನ್ನು ಆಶ್ರಯಿಸಿರುವುದು ಕಂಡುಬರುತ್ತದೆ.

ಲಿಯೋ ಕ್ಯಾನರ್ ಎಂಬ ವೈದ್ಯನು ೧೯೪೩ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಬರೆದು ಈ ಸ್ಥಿತಿಯನ್ನು ನಿರೂಪಿಸಿದನು. ತರುವಾಯ ೧೯೬೭ರಲ್ಲಿ ಅಮೆರಿಕೆಯಲ್ಲಿ ಎರಡು ಗ್ರಂಥಗಳು ಹೊರಬಂದವು. ಬ್ರೂನೋ ಬೆಟಲ್‌ಹೈಮನ ‘ದಿ ಎಂಪ್ಟಿ ಫೋರ್‌ಟ್ರೆಸ್’ ಎಂದರೆ ಬರಿದಾದ ಕೋಟೆ; ಕ್ಲಾರಾ ಕ್ಲೇಬೋರ್ನ್ ಪಾರ್ಕ್ ಎಂಬ ತಾಯಿಯ ‘ದಿ ಸೀಜ್’ ಎಂದರೆ ಮುತ್ತಿಗೆ. ಎರಡಕ್ಕೂ ಮೂಲವಾದ ರೂಪಕವೊಂದೆ: ಮಗು ಗೋಡೆಯೊಳಗಿದೆ, ಹಿರಿಯರು ಹೊರಗಿದ್ದಾರೆ.

ಉಪಮೆಯಲ್ಲಿ ಸಾದೃಶ್ಯದೊಡನೆ ಭೇದವೂ ತೋರುತ್ತದೆ, ರೂಪಕದಲ್ಲಿಯಾದರೋ ಅಭೇದಾರೋಪ. ಬೆಟಲ್‌ಹೈಮನು ಆರೋಪವನ್ನೇ ವಸ್ತುವೆಂದು ಗ್ರಹಿಸಿದನು. ಕೋಟೆಯಿದ್ದರೆ ಅದನ್ನು ಕಟ್ಟಿಸಿದ ಭಯವಿರಬೇಕು, ಭಯವಿದ್ದರೆ ಭಯಪಡಿಸಿದವರಿರಬೇಕು. ಹೀಗೆ ದೋಷವು ತಂದೆತಾಯಿಗಳ, ವಿಶೇಷವಾಗಿ ತಾಯಿಯ, ತಲೆಗೆ ಬಂದಿತು. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟರ್ ಅವಳಿ ಮಕ್ಕಳನ್ನು ಪರಿಶೀಲಿಸಿ ವಂಶಾನುಗತ ಕಾರಣಗಳನ್ನು ತೋರಿಸಿದರು. ಆ ವಾದವು ಈಗ ನಿಲ್ಲುವುದಿಲ್ಲ. ಆದರೆ ಅದು ಬಿದ್ದುಹೋಗುವುದರೊಳಗೆ ಎಷ್ಟೋ ಮನೆಗಳು ಅಪರಾಧಭಾವದಲ್ಲಿ ಬೆಂದಿದ್ದವು.

ಪಾರ್ಕಳ ಗ್ರಂಥವು ಶ್ರೇಷ್ಠವಾದುದು, ಏಕೆಂದರೆ ಆಕೆ ರೂಪಕವನ್ನು ಬಳಸಿಯೂ ಅದಕ್ಕೆ ಅಧೀನಳಾಗಲಿಲ್ಲ. ಮಗಳ ಒಂದೊಂದು ಮಾತನ್ನೂ ಆಕೆ ಲೆಕ್ಕವಿಟ್ಟಳು. ಜಯಘೋಷವನ್ನು ಮಾತ್ರ ಮಾಡಲಿಲ್ಲ. ೨೦೦೧ರ ‘ಎಕ್ಸಿಟಿಂಗ್ ನಿರ್ವಾಣ’ದಲ್ಲಿ ಆ ಮಗಳು ಪ್ರಾಪ್ತವಯಸ್ಕಳು, ಉದ್ಯೋಗಸ್ಥೆ, ಚಿತ್ರಕಾರಳು; ಆಟಿಸಂ ಅವಳನ್ನು ಬಿಟ್ಟಿಲ್ಲ. ಬೆಳವಣಿಗೆ ಬೇರೆ, ಗುಣವಾಗುವುದು ಬೇರೆ ಎಂಬ ವಿವೇಕವು ಇಲ್ಲಿ ಕಥನದಿಂದಲೇ ಸಿದ್ಧವಾಗುತ್ತದೆ.

ಸಂಖ್ಯೆಗಳಿಗೂ ಈ ವಿವೇಕವು ಬೇಕು. ೧೯೮೭ರಲ್ಲಿ ಐವಾರ್ ಲೊವಾಸನು, ವಾರಕ್ಕೆ ನಲವತ್ತು ಗಂಟೆಗಳ ಶಿಕ್ಷಣ ಪಡೆದ ೧೯ ಮಕ್ಕಳಲ್ಲಿ ೯ ಮಂದಿ ಬುದ್ಧಿಪರೀಕ್ಷೆಯಲ್ಲಿಯೂ ಶಾಲೆಯಲ್ಲಿಯೂ ಇತರರಂತೆ ನಡೆದರೆಂದು ಪ್ರಕಟಿಸಿದನು. ಮಕ್ಕಳನ್ನು ಗುಂಪುಗಳಿಗೆ ಹಂಚಿದುದು ಯಾದೃಚ್ಛಿಕವಾಗಿರಲಿಲ್ಲ. ದಂಡನೆಯೂ ವಿಧಾನದ ಅಂಗವಾಗಿತ್ತು. ೨೦೧೩ರಲ್ಲಿ ಡೆಬೊರಾ ಫೈನ್ ಮತ್ತು ಸಹೋದ್ಯೋಗಿಗಳು, ಬಾಲ್ಯದಲ್ಲಿ ಈ ನಿದಾನಕ್ಕೆ ಒಳಗಾಗಿ ಮುಂದೆ ಅದರ ಲಕ್ಷಣಗಳನ್ನು ಮೀರಿದ ೩೪ ಜನರನ್ನು ವರ್ಣಿಸಿದರು. ಅಂಥವರು ಉಂಟೆಂಬುದು ಇದರಿಂದ ಸ್ಥಾಪಿತವಾಯಿತು. ಎಲ್ಲರೂ ಹಾಗಾಗಬಲ್ಲರೆಂಬುದಾಗಲಿ, ಇಂಥ ಉಪಾಯದಿಂದಲೇ ಆದರೆಂಬುದಾಗಲಿ ಸ್ಥಾಪಿತವಾಗಲಿಲ್ಲ. ಕೆಲವರಲ್ಲಿ ಕಂಡುದನ್ನು ಸರ್ವರಿಗೂ ಅನ್ವಯಿಸುವುದು ಅತಿವ್ಯಾಪ್ತಿ.

ರೂಪಕದ ಬುಡಕ್ಕೇ ಕೊಡಲಿಯಿಟ್ಟುದು ಜಿಮ್ ಸಿಂಕ್ಲೇರರ ೧೯೯೩ರ ಲೇಖನ. ಸ್ವತಃ ಆಟಿಸಂ ಉಳ್ಳ ಆ ಲೇಖಕರ ವಾದವಿಷ್ಟೆ: ಅದು ಚಿಪ್ಪಲ್ಲ, ಒಳಗೆ ಬೇರೊಂದು ಮಗು ಅಡಗಿಲ್ಲ. ಇದಕ್ಕೂ ಮಿತಿಯುಂಟು, ಮಾತಿಲ್ಲದೆ, ತನಗೆ ತಾನೇ ಗಾಯಮಾಡಿಕೊಳ್ಳುವ ಮಗುವಿನ ಕ್ಲೇಶವನ್ನು ಸ್ವರೂಪವೆಂದು ಸುಮ್ಮನೆ ಬಿಡಲಾಗದು. ಆದರೂ ಕ್ಲೇಶವನ್ನು ಕಳೆಯುವುದಕ್ಕೆ ಕೋಟೆಯ ಕಲ್ಪನೆ ಬೇಕಿಲ್ಲ.

ಕೋಟೆಯೆಂದಮೇಲೆ ಗೆಲವು ಸೋಲುಗಳೆರಡೇ ಗತಿ. ಆಗ ಮಾತು ಕಲಿತು, ಗೆಳೆತನ ಬೆಳೆಸಿ, ಆದರೂ ಬೇರೆಯಾಗಿಯೇ ಉಳಿದ ಮಗು ಸೋಲಿನ ಪಟ್ಟಿಗೆ ಸೇರುತ್ತದೆ. ಅದರ ತಾಯಿ ಸಾಕಷ್ಟು ಹೋರಾಡದವಳೆನಿಸುತ್ತಾಳೆ. ಈ ಅನ್ಯಾಯವು ಶಾಸ್ತ್ರದಿಂದ ಬಂದುದಲ್ಲ, ಅಲಂಕಾರದಿಂದ ಬಂದುದು. ಅದನ್ನು ತೋರಿಸಿಕೊಡುವುದು ವಿಮರ್ಶೆಯ ಅಧಿಕಾರಕ್ಕೆ ಸೇರಿದುದೇ ಆಗಿದೆ.