ಎರಡನೇ ಸೀಟಿನ ಮಾತು

ಅಂಬಿಕಾನಗರದ ಮಳೆಯಲ್ಲಿ ಮನೆಯೊಳಗೇ ಕೂತು ಕಳೆದ ವಾರ ಎರಡು ಕೆಲಸ ಮಾಡಿದೆ. ಕ್ಲಿಂಟ್ ಈಸ್ಟ್‌ವುಡ್ ನಿರ್ದೇಶನದ ‘ಸಲ್ಲಿ’ (2016) ಸಿನಿಮಾವನ್ನು ಮತ್ತೊಮ್ಮೆ ನೋಡಿದೆ. ಮಂಗಳೂರು ವಿಮಾನ ದುರಂತದ ಬಗ್ಗೆ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ವರದಿಯನ್ನು ಓದಿದೆ. ಎರಡರಲ್ಲೂ ಇರುವ ಪ್ರಶ್ನೆ ಒಂದೇ: ವಿಮಾನದಲ್ಲಿ ಕೊನೆಯ ಮಾತು ಯಾರದು?

ಕಾನೂನಿನ ಉತ್ತರ ಸರಳ. ಕೊನೆಯ ಮಾತು ಕ್ಯಾಪ್ಟನ್ನರದು. ವಿಮಾನ ಹಾರಿಸುತ್ತಿರುವವರು ಯಾರೇ ಇರಲಿ, ಹೊಣೆಯೂ ಅವರದೇ. ಸಿನಿಮಾಕ್ಕೆ ಇಷ್ಟು ಸಾಕು. 2009ರ ಜನವರಿ 15ರಂದು ಹಕ್ಕಿಗಳು ಬಡಿದು ಎಂಜಿನ್‌ಗಳು ಸೋತಾಗ ವಿಮಾನ ಹಾರಿಸುತ್ತಿದ್ದವರು ಸಹಪೈಲಟ್ ಜೆಫ್ ಸ್ಕೈಲ್ಸ್. ಕ್ಯಾಪ್ಟನ್ ಸಲೆನ್‌ಬರ್ಗರ್ ಎರಡೇ ಪದ ಹೇಳಿ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ವಿಮಾನ ಹಡ್ಸನ್ ನದಿಯ ಮೇಲಿಳಿಯಿತು, 155 ಜನರೂ ಬದುಕಿದರು. ಇದು ನನ್ನೊಬ್ಬನ ಕೆಲಸವಲ್ಲ ಎಂದು ಕೊನೆಗೆ ನಾಯಕನೇ ಹೇಳುತ್ತಾನೆ, ಸರಿ. ಆದರೆ ಅವನನ್ನು ಎತ್ತರಿಸಲೆಂದು ತನಿಖಾಧಿಕಾರಿಗಳನ್ನು ಖಳರಂತೆ ತೋರಿಸಿದ್ದು ನನಗೆ ಹಿಡಿಸಲಿಲ್ಲ.

ಮಂಗಳೂರಿನ ವರದಿಯಲ್ಲಿ ನಾಯಕನಿಲ್ಲ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಮಂದಿ ತೀರಿಕೊಂಡರು. ನಮಗೆಲ್ಲ ನೆನಪಿನಲ್ಲಿ ಉಳಿದಿರುವುದು ಕ್ಯಾಪ್ಟನ್ನರ ನಿದ್ದೆ. ಗೊರಕೆಯ ಸದ್ದು ಧ್ವನಿಮುದ್ರಣದಲ್ಲಿದೆ, ನಿಜ. ಆದರೆ ನಾನು ಮತ್ತೆ ಮತ್ತೆ ಓದಿದ್ದು ಬೇರೆ ಸಾಲುಗಳನ್ನು. ವಿಮಾನ ಇರಬೇಕಾದ್ದಕ್ಕಿಂತ ತೀರ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರಿ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸುತ್ತಿತ್ತು. ಕ್ಯಾಪ್ಟನ್ ಕೇಳಲಿಲ್ಲ. ಸಹಪೈಲಟ್ ನಿಯಂತ್ರಣವನ್ನು ತಾವೇ ತೆಗೆದುಕೊಳ್ಳಲೂ ಇಲ್ಲ.

ಯಾಕೆ? ವರದಿ ನೇರ ಕಾರಣದ ಜಾಗದಲ್ಲಿ ಕ್ಯಾಪ್ಟನ್ನರ ಲೋಪವನ್ನು ಇಡುತ್ತದೆ. ಸಹಪೈಲಟ್‌ಗೆ ಆ ಅಧಿಕಾರ ಉಂಟೇ ಎಂಬ ಬಗ್ಗೆ ಸೂಚನೆಗಳೇ ಗೊಂದಲವಾಗಿದ್ದಿರಬಹುದು ಎಂಬ ಮಾತು ಪೂರಕ ಕಾರಣಗಳ ಸಾಲಿನಲ್ಲಿದೆ. ನಾನಾಗಿದ್ದರೆ ಅದನ್ನು ಮೊದಲ ಪುಟಕ್ಕೆ ತರುತ್ತಿದ್ದೆ. ಹಿರಿಯರು ಕಿರಿಯರ ಕೈಯಿಂದ ವಿಮಾನ ತೆಗೆದುಕೊಳ್ಳಲು ಎರಡು ಪದ ಸಾಕಾಯಿತಲ್ಲ!

ನಮ್ಮ ದಾಂಡೇಲಿ ಬಸ್ಸಿನಲ್ಲಿ ಕಂಡಕ್ಟರ್ ‘ಹೋಲ್ಡಾನ್’ ಎಂದರೆ ಡ್ರೈವರ್ ಎಷ್ಟೇ ಹಿರಿಯರಿದ್ದರೂ ಬ್ರೇಕ್ ಒತ್ತುತ್ತಾರೆ. ಯಾಕೆಂದು ಕೇಳುವುದು ಆಮೇಲೆ. ಬಸ್ಸಿಗೂ ವಿಮಾನಕ್ಕೂ ಹೋಲಿಕೆಯೇ ಎನ್ನಬಹುದು, ಆದರೂ ಆ ಪುಟ ಓದುವಾಗ ನನಗೆ ನೆನಪಾದದ್ದು ಅದೇ.

ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ರನ್‌ವೇ ಮುಟ್ಟಿ, ಬ್ರೇಕ್ ಹಾಕಿದ ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ವಿಮಾನವನ್ನು ಮತ್ತೆ ಮೇಲೇರಿಸಲು ಯತ್ನಿಸಿದರು. ಪಕ್ಕದ ಸೀಟಿನವರು ಮೂರು ಸಲ ಹೇಳಿದ್ದು ಅದನ್ನೇ.