‘ನೋ ಆರ್ಟಿಸ್ಟ್’ ಎಂದರೆ ಏನರ್ಥ?

ದೊಡ್ಡಪ್ಪ ಧಾರವಾಡದಲ್ಲಿ ನೌಕರಿಯಲ್ಲಿದ್ದಾಗ ಕೂಡಿಹಾಕಿದ ಎಂಬತ್ತಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಈಗ ನಮ್ಮ ಮನೆಯ ಅಂಗೈಯಗಲದ ಒಂದು ಕಂಪ್ಯೂಟರಿಗೆ ಸೇರಿವೆ. ರಾಸ್ಪ್‌ಬೆರಿ ಪೈ, ಅದಕ್ಕೊಂದು ಹಾರ್ಡ್ ಡಿಸ್ಕ್, ಒಳಗೆ ಲಿರಿಯಾನ್ ಮ್ಯೂಸಿಕ್ ಸರ್ವರ್ ಎಂಬ ತಂತ್ರಾಂಶ. ಹಜಾರದಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ಹಳೆಯ ಸಂಗೀತಯಂತ್ರ. ಅಡುಗೆಮನೆಯಲ್ಲಿ ಪುಟ್ಟ ಪರದೆಯ ಬೇರೊಂದು ಸ್ಪೀಕರ್. ಒಂದು ಸಂಜೆ ಎರಡೂ ಕಡೆ ಮಲ್ಲಿಕಾರ್ಜುನ ಮನ್ಸೂರರ ಒಂದೇ ಧ್ವನಿಮುದ್ರಣ ಹಾಕಿದ್ದೆ. ಹಜಾರದ ಪರದೆಯಲ್ಲಿ ಹೆಸರಿತ್ತು, ರಾಗವಿತ್ತು. ಅಡುಗೆಮನೆಯ ಪರದೆಯಲ್ಲಿ ಏನೂ ಇರಲಿಲ್ಲ. ಅವ್ವ ಅದನ್ನು ನೋಡಿ, “ಭಾವಾರು ಅಷ್ಟು ಜ್ವಾಕಿಲೆ ಬರದಿಟ್ಟಿದ್ರು. ಇದ್ರಾಗ ಯಾರ ಹೆಸರೂ ಇಲ್ಲಲ್ಲೋ” ಅಂದಳು.

ಅವಳು ಹೇಳಿದ್ದು ಸರಿ. ದೊಡ್ಡಪ್ಪ ಪ್ರತಿ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಗಾಯಕರ ಹೆಸರು, ರಾಗ, ತಾಳ, ಸಾಥಿಯವರ ಹೆಸರು, ಊರು, ದಿನಾಂಕ ಎಲ್ಲವನ್ನೂ ನೀಲಿ ಶಾಯಿಯಲ್ಲಿ ಬರೆದಿದ್ದರು. ನಾನು ಅವನ್ನೆಲ್ಲ ಒಂದೊಂದಾಗಿ ಟೈಪು ಮಾಡಿ ಸೇರಿಸಿದ್ದೆ. ಆದರೂ ಅಂದು ಇಡೀ ಪಟ್ಟಿ ಇಳಿಸಿ ನೋಡಿದಾಗ ಮೂವತ್ತಕ್ಕೂ ಹೆಚ್ಚು ಹಾಡುಗಳು ‘ನೋ ಆರ್ಟಿಸ್ಟ್, ನೋ ಆಲ್ಬಂ’ ಎಂಬ ಶೀರ್ಷಿಕೆಯಡಿ ಬಿದ್ದಿದ್ದವು. ಮನೆಯೊಳಗಿನ ಈ ಸಂಗೀತ ವ್ಯವಸ್ಥೆಯನ್ನೂ, ಅದರಲ್ಲಿ ಹೆಸರು ಕಾಣೆಯಾದಾಗ ನಾವೆಲ್ಲ ಮಾಡುವ ಚಿಕಿತ್ಸೆಯನ್ನೂ ವಿಮರ್ಶೆಯ ಕಣ್ಣಿನಿಂದ ನೋಡಬೇಕೆನಿಸಿದ್ದು ಆಗ.

ರೂಢಿಯ ಚಿಕಿತ್ಸೆ ಎರಡು ಬಗೆಯದು. ಒಂದು, ಸರ್ವರಿನ ಡೇಟಾಬೇಸನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಮತ್ತೆ ಸ್ಕ್ಯಾನ್ ಮಾಡಿಸುವುದು. ಇನ್ನೊಂದು, ಧ್ವನಿಯ ಗುರುತು ಹಿಡಿದು ಅಂತರ್ಜಾಲದಿಂದ ಹೆಸರು ತಂದು ತುಂಬುವ ತಂತ್ರಾಂಶಕ್ಕೆ ಇಡೀ ಸಂಗ್ರಹವನ್ನು ಒಪ್ಪಿಸಿಬಿಡುವುದು. ಹೆಸರು ಎಲ್ಲಿ ಕಳೆಯಿತೆಂದು ಇವೆರಡೂ ಕೇಳುವುದಿಲ್ಲ. ಇವುಗಳ ಬಗ್ಗೆ ನನ್ನ ಮುಖ್ಯ ತಕರಾರೇ ಅದು. ಹೆಸರಿಗೆ ಇಲ್ಲಿ ಮೂರು ಮನೆಗಳಿವೆ: ಹಾಡಿನ ಫೈಲು, ಸರ್ವರಿನ ಡೇಟಾಬೇಸ್, ಸ್ಪೀಕರಿಗೆ ಹೋಗುವ ಸಂದೇಶ. ಮೂರನೆಯ ಮನೆಯಲ್ಲಿ ಕಳೆದದ್ದನ್ನು ಮೊದಲನೆಯದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಷ್ಟೇ ಅಲ್ಲ, ಹುಡುಕುವ ಭರದಲ್ಲಿ ಅಲ್ಲಿ ಸರಿಯಾಗಿದ್ದದ್ದೂ ಹಾಳಾಗುತ್ತದೆ.

ಮೊದಲ ಮನೆಯಲ್ಲಿ ನಮ್ಮ ಲಿಪಿಯ ಕಷ್ಟಗಳೆಲ್ಲ ಕೂಡಿಕೊಂಡಿವೆ. ಎಂಪಿ3 ಫೈಲಿನಲ್ಲಿ ಹೆಸರು ಬರೆದಿಡುವ ಐಡಿ3 ಪದ್ಧತಿ 1996ರಲ್ಲಿ ಹುಟ್ಟಿತು. ಫೈಲಿನ ಕೊನೆಯಲ್ಲಿ 128 ಬೈಟುಗಳ ಒಂದು ಚೀಟಿ (ಟ್ಯಾಗ್), ಅದರಲ್ಲಿ ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30. ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಒತ್ತಕ್ಷರದ ನಡುವಿನ ವಿರಾಮವೂ ಸ್ವರದ ಚಿಹ್ನೆಯೂ ಒಂದೊಂದು ಸಂಕೇತವೇ. ಹಾಗಾಗಿ 30 ಬೈಟಿನಲ್ಲಿ ಹತ್ತೇ ಸಂಕೇತ ಹಿಡಿಸುತ್ತವೆ. ‘ಮಲ್ಲಿಕಾರ್ಜುನ’ ಎಂದು ಅದರಲ್ಲಿ ತುರುಕಿದರೆ ಉಳಿಯುವುದು ‘ಮಲ್ಲಿಕಾರ್ಜ’. ಕೊಂಬೂ ಇಲ್ಲ, ನಕಾರವೂ ಇಲ್ಲ, ಮನ್ಸೂರಂತೂ ಇಲ್ಲವೇ ಇಲ್ಲ. 1998ರಲ್ಲಿ ಬಂದ ಎರಡನೆಯ ಪೀಳಿಗೆಯ ಐಡಿ3 ಈ ಇಕ್ಕಟ್ಟನ್ನು ಬಿಡಿಸಿತು. ಆದರೆ ಹಲವು ಫೈಲುಗಳಲ್ಲಿ ಹಳೆಯ ಚೀಟಿಯೂ ಹೊಸ ಚೀಟಿಯೂ ಒಟ್ಟಿಗೇ ಇರುತ್ತವೆ. ಯಾವ ಸಾಧನ ಯಾವುದನ್ನು ಓದುತ್ತದೆ ಎಂಬುದರ ಮೇಲೆ ಹೆಸರಿನ ಹಣೆಬರಹ ನಿಂತಿದೆ. ಒಂದು ಪರದೆಯಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಮುರಿದ ಹೆಸರು ಕಂಡರೆ ನಾನು ಈಗ ಮೊದಲು ಇದನ್ನೇ ನೋಡುತ್ತೇನೆ.

ಭೀಮಸೇನ ಜೋಶಿಯವರ ವಿಷಯದಲ್ಲಿ ಬೇರೆ ತೊಡಕು. ನಮ್ಮ ಪಟ್ಟಿಯಲ್ಲಿ ಅವರು ಇಬ್ಬರಿದ್ದರು. ಅಕ್ಷರಕ್ಕೆ ಅಕ್ಷರ ಒಂದೇ, ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಆದರೂ ಕೆಲವು ಹಾಡುಗಳು ಒಬ್ಬರ ಕೆಳಗೆ, ಉಳಿದವು ಇನ್ನೊಬ್ಬರ ಕೆಳಗೆ. ಯೂನಿಕೋಡಿನಲ್ಲಿ ಕನ್ನಡದ ಕೆಲವು ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು. ಓಕಾರವನ್ನು ಇಡಿಯಾಗಿ ಒಂದೇ ಸಂಕೇತದಲ್ಲಿ ಬರೆಯಬಹುದು, ಇಲ್ಲವೇ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ದೀರ್ಘ ಈಕಾರ, ಏಕಾರಗಳೂ ಹೀಗೆಯೇ ಎರಡೆರಡಾಗಿ ಬಿಡಿಸಿಕೊಳ್ಳುತ್ತವೆ. ‘ಭೀಮಸೇನ ಜೋಶಿ’ಯಲ್ಲಿ ಈ ಮೂರೂ ಇವೆ. ಕೂಡಿಸಿ ಬರೆದರೆ, ನಡುವಿನ ತೆರಪೂ ಸೇರಿ, ಹನ್ನೊಂದು ಸಂಕೇತ, ಬಿಡಿಸಿದರೆ ಹದಿನೈದು. ಆಪಲ್ ಕಂಪ್ಯೂಟರುಗಳ ಹಳೆಯ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಟ್ಟುಕೊಳ್ಳುತ್ತಿತ್ತು; ನಾವು ಕೀಲಿಮಣೆಯಲ್ಲಿ ಒತ್ತಿದ್ದು ಸಾಮಾನ್ಯವಾಗಿ ಕೂಡಿಸಿದ ರೂಪ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದ ತಂತ್ರಾಂಶಕ್ಕೆ ಇವರು ಇಬ್ಬರು ಗಾಯಕರು. ಇಂಗ್ಲಿಷ್ ಹಾಡು ಕೇಳುವವರಿಗೆ ಈ ತೊಂದರೆ ಕಾಣಿಸುವುದು ಅಪರೂಪ. ಅದಕ್ಕೇ ಇದನ್ನು ಸರಿಪಡಿಸುವ ಅವಸರವೂ ಯಾರಿಗೂ ಇದ್ದಂತಿಲ್ಲ. ನುಡಿ, ಬರಹ ಅಕ್ಷರವಿನ್ಯಾಸಗಳ ಹಳೆಯ ಸಂಕೇತದಲ್ಲಿ ಟೈಪು ಮಾಡಿದ ಪಟ್ಟಿಯಿಂದ ಹೆಸರನ್ನು ನಕಲಿಸಿ ಅಂಟಿಸಿದವರಿಗೆ ಇನ್ನೂ ದೊಡ್ಡ ಪೆಟ್ಟು: ಆ ಫಾಂಟು ಇಲ್ಲದ ಪರದೆಯಲ್ಲಿ ಉಳಿಯುವುದು ತಲೆಬುಡವಿಲ್ಲದ ರೋಮನ್ ಚಿಹ್ನೆಗಳ ಸಾಲು.

ನನ್ನ ಮೂವತ್ತು ಹಾಡುಗಳು ಕಳೆದದ್ದು ಎರಡನೆಯ ಮನೆಯಲ್ಲಿ. ಫೈಲಿನೊಳಗೆ ಹೆಸರು ಸರಿಯಾಗಿಯೇ ಇತ್ತು. ‘ಹೊಸದಾಗಿ ಬಂದ, ಬದಲಾದ ಫೈಲುಗಳನ್ನು ಮಾತ್ರ ನೋಡು’ ಎಂದು ಸರ್ವರಿಗೆ ಹೇಳಿದಾಗ ಅದು ಪ್ರತಿ ಫೈಲನ್ನು ಬಿಚ್ಚಿ ಓದುವುದಿಲ್ಲ. ಗಾತ್ರವನ್ನೂ ಬದಲಾದ ಹೊತ್ತನ್ನೂ ಹಿಂದಿನ ಲೆಕ್ಕದೊಂದಿಗೆ ತಾಳೆ ನೋಡಿ, ಎರಡೂ ಒಂದೇ ಇದ್ದರೆ ಮುಂದೆ ಹೋಗುತ್ತದೆ. ಕ್ಯಾಸೆಟ್ಟನ್ನು ಡಿಜಿಟಲ್ ಮಾಡಿದ ದಿನಾಂಕ ಉಳಿಯಲಿ ಎಂದು ನಾನು ಟ್ಯಾಗ್ ತಿದ್ದುವ ತಂತ್ರಾಂಶದಲ್ಲಿ ‘ಫೈಲಿನ ಹಳೆಯ ಸಮಯವನ್ನು ಕಾಯ್ದುಕೋ’ ಎಂಬ ಆಯ್ಕೆಗೆ ಗುರುತು ಹಾಕಿದ್ದೆ. ಗಾತ್ರವಾದರೂ ಬದಲಾಗಬೇಕಿತ್ತಲ್ಲ? ಅದೂ ಆಗಲಿಲ್ಲ. ಮುಂದೆ ಬರೆಯಲು ಬೇಕಾದೀತೆಂದು ಹೊಸ ಐಡಿ3 ಚೀಟಿಯ ಬಾಲದಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ನಾನು ಬರೆದ ಹೆಸರುಗಳು ಆ ಖಾಲಿ ಜಾಗದಲ್ಲೇ ಕೂತವು, ಫೈಲು ಒಂದು ಬೈಟೂ ಬೆಳೆಯಲಿಲ್ಲ. ಸರ್ವರಿನ ಕಣ್ಣಿಗೆ ಏನೂ ಬದಲಾಗಿರಲಿಲ್ಲ.

ಎಲ್ಲವನ್ನೂ ಅಳಿಸಿ ಮರುಸ್ಕ್ಯಾನ್ ಮಾಡಿದ್ದರೆ ಈ ಹೆಸರುಗಳು ಬರುತ್ತಿದ್ದವು, ನಿಜ. ಆ ಚಿಕಿತ್ಸೆಯ ಆಕರ್ಷಣೆಯೂ ಅದೇ: ಕೆಲವು ಸಲ ಅದು ಫಲಿಸುತ್ತದೆ. ಆದರೆ ಕಾರಣ ತಿಳಿಯದೆ ಉಳಿದು, ಮುಂದಿನ ತಿಂಗಳು ಹತ್ತು ಫೈಲು ತಿದ್ದಿದಾಗ ಮತ್ತೆ ಅದೇ ಆಗುತ್ತಿತ್ತು, ಮತ್ತೆ ಗಂಟೆಗಟ್ಟಲೆ ಪುಟ್ಟ ಕಂಪ್ಯೂಟರು ಬಿಸಿಯಾಗುತ್ತ ಕೂರುತ್ತಿತ್ತು. ಒಂದು ಗುರುತು ತೆಗೆದಿದ್ದಕ್ಕೆ ಈಗ ಆ ತೊಂದರೆ ಇಲ್ಲ.

ಅಡುಗೆಮನೆಯದು ಮೂರನೆಯ ಮನೆಯ ಕಥೆ. ಆ ಸ್ಪೀಕರು ನಡೆಯುವುದು ಯುಪಿಎನ್‌ಪಿ ಪದ್ಧತಿಯಲ್ಲಿ. ಫೋನಿನ ಆ್ಯಪ್ ಸ್ಪೀಕರಿಗೆ ಹಾಡಿನ ವಿಳಾಸವನ್ನೂ, ಅದರ ಜೊತೆಗೆ ಹಾಡಿನ ವಿವರವನ್ನೂ ಕಳಿಸುತ್ತದೆ. ವಿವರದ ಜಾಗವನ್ನು ಖಾಲಿ ಬಿಟ್ಟರೂ ಹಾಡು ನಡೆಯುತ್ತದೆ, ಹೆಸರು ಮಾತ್ರ ಇರುವುದಿಲ್ಲ. ವಿವರವಿರುವುದು ಎಕ್ಸ್‌ಎಂಎಲ್ ಭಾಷೆಯಲ್ಲಿ, ಮತ್ತು ಅದನ್ನು ಎಕ್ಸ್‌ಎಂಎಲ್‌ನ ಇನ್ನೊಂದು ಲಕೋಟೆಯೊಳಗೆ ಹಾಕಿ ಕಳಿಸುತ್ತಾರೆ. ಆ ಭಾಷೆಯಲ್ಲಿ & ಚಿಹ್ನೆಗೆ ವಿಶೇಷ ಅರ್ಥ ಇರುವುದರಿಂದ ಹೆಸರಿನಲ್ಲಿ ಅದು ಬಂದರೆ ಮರೆಮಾಚಬೇಕು; ಲಕೋಟೆ ಎರಡಾದ್ದರಿಂದ ಎರಡು ಸಲ. ನಾನು ಹಾಡಿಗೆ ‘ವಿಲಂಬಿತ & ದ್ರುತ’ ಎಂದು ಹೆಸರು ಕೊಟ್ಟಿದ್ದೆ. ಆ್ಯಪ್ ಒಂದೇ ಸಲ ಮರೆಮಾಚಿ ಕಳಿಸುತ್ತಿತ್ತು. ಒಳಗಿನ ಪತ್ರ ಹರಿದು, ಸ್ಪೀಕರಿಗೆ ಒಂದಕ್ಷರವೂ ತಿಳಿಯದೆ ಸುಮ್ಮನಾಗುತ್ತಿತ್ತು. & ತೆಗೆದು ‘ಮತ್ತು’ ಎಂದು ಬರೆದೆ. ಮನ್ಸೂರರು ಅಡುಗೆಮನೆಯಲ್ಲೂ ಕಾಣಿಸಿಕೊಂಡರು. ಇಂಟರ್ನೆಟ್ ರೇಡಿಯೋದಲ್ಲಿ ಹೆಸರು ಬಾರದಿರುವುದೂ ಇದೇ ಜಾತಿಯದು: ಐಸ್‌ಕಾಸ್ಟ್ ಬಗೆಯ ಪ್ರಸಾರದಲ್ಲಿ, ಹೆಸರು ಬೇಕು ಎಂದು ಕೇಳುವ ಸಾಧನ ಮೊದಲೇ ಹೇಳಿದರೆ ಮಾತ್ರ ಅದನ್ನು ಧ್ವನಿಯ ನಡುನಡುವೆ ಪೋಣಿಸಿ ಕಳಿಸುತ್ತಾರೆ.

ಇಷ್ಟು ನೋಡಿದ ಮೇಲೆ ಲಿರಿಯಾನ್ ಬಗ್ಗೆ ನನ್ನ ಮಾತು. ಇದರ ಮೂಲ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಕಂಪನಿ. 2001ರಲ್ಲಿ ಅದರ ಮೊದಲ ಯಂತ್ರ ಬಂತು. 2006ರಲ್ಲಿ ಲಾಜಿಟೆಕ್ ಅದನ್ನು ಕೊಂಡಿತು, 2012ರಲ್ಲಿ ಸ್ಕ್ವೀಜ್‌ಬಾಕ್ಸ್ ಸಾಲನ್ನು ನಿಲ್ಲಿಸಿತು. ತಂತ್ರಾಂಶ ಮುಕ್ತ ಆಕರದ್ದಾಗಿದ್ದರಿಂದ ಆಸಕ್ತರು ಅದನ್ನು ಕೈಬಿಡದೆ ಬೆಳೆಸಿದರು. 2024ರಲ್ಲಿ ಅದಕ್ಕೆ ಈಗಿನ ಹೆಸರು ಬಂತು. ಯಂತ್ರ ಮಾರುವವರು ಎದ್ದುಹೋದ ಮೇಲೂ ಇಷ್ಟು ವರ್ಷ ಬಾಳಿದ ಸಂಗೀತ ವ್ಯವಸ್ಥೆ ವಿರಳ. ಪ್ರತಿ ಹಾಡಿನ ವಿವರದೊಳಗೆ ‘ವ್ಯೂ ಟ್ಯಾಗ್ಸ್’ ಎಂಬುದೊಂದಿದೆ. ಫೈಲಿನಲ್ಲಿ ನಿಜಕ್ಕೂ ಏನು ಬರೆದಿದೆ ಎಂದು ಅದು ತೋರಿಸುತ್ತದೆ. ಮೊದಲ ಮನೆಗೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಣ್ಣಿಗೆ ಬೀಳುತ್ತದೆ. ನನ್ನ ಮೂವತ್ತು ಹಾಡುಗಳ ಗುಟ್ಟು ಬಿಟ್ಟುಕೊಟ್ಟಿದ್ದು ಆ ಪುಟವೇ. ಇಂಥ ಪಾರದರ್ಶಕತೆಗೆ ನಾನು ದೊಡ್ಡ ಬೆಲೆ ಕೊಡುತ್ತೇನೆ.

ಕೊರತೆ ಇರುವುದು ‘ನೋ ಆರ್ಟಿಸ್ಟ್’ ಎಂಬ ಆ ಉತ್ತರದಲ್ಲಿ. ಇದು ಲಿರಿಯಾನಿನದಷ್ಟೇ ಅಲ್ಲ. ‘ಅನ್‌ನೋನ್ ಆರ್ಟಿಸ್ಟ್’ ಎನ್ನುವ ಎಲ್ಲ ವ್ಯವಸ್ಥೆಗಳದೂ ಹೌದು. ಫೈಲಿನಲ್ಲಿ ಹೆಸರು ಬರೆದೇ ಇರಲಿಲ್ಲವೇ, ಬರೆದದ್ದು ಓದಲು ಬರಲಿಲ್ಲವೇ, ಓದುವುದೇ ಬಾಕಿಯಿತ್ತೇ? ಮೂರಕ್ಕೂ ಒಂದೇ ಮಾತು. ನಮ್ಮ ಹಸ್ತಪ್ರತಿ ಸೂಚಿಗಳನ್ನು ತಿರುವಿ ನೋಡಿದವರಿಗೆ ಗೊತ್ತು, ಅಲ್ಲಿ ಈ ಸಡಿಲತನಕ್ಕೆ ಜಾಗವಿಲ್ಲ. ಗರಿ ಮುರಿದು ಭಾಗ ಹೋಗಿದ್ದರೆ ‘ತ್ರುಟಿತ’ ಎಂದು ಬರೆಯುತ್ತಾರೆ. ಕರ್ತೃ ಯಾರೆಂದು ತಿಳಿಯದಿದ್ದರೆ ‘ಅಜ್ಞಾತ’. ಎರಡನ್ನೂ ಒಂದೇ ಮಾಡಿದ್ದರೆ ಸಂಪಾದಕರು ಇನ್ನೊಂದು ಪ್ರತಿಗಾಗಿ ಹುಡುಕಾಟ ಮುಂದುವರಿಸಬೇಕೋ ಬೇಡವೋ ಎಂಬುದೇ ತಿಳಿಯುತ್ತಿರಲಿಲ್ಲ. ತಾಳೆಗರಿಯ ಮುಂದೆ ಕೂತವರು ಪಾಲಿಸಿದ ಈ ಶಿಸ್ತನ್ನು ಸಂಗೀತ ಸರ್ವರು ಕಲಿಯಬೇಕು. ತಾಂತ್ರಿಕವಾಗಿ ಅದು ಕಷ್ಟದ ಕೆಲಸವೂ ಅಲ್ಲ.

ಹೆಸರನ್ನು ಕೃತಿಯೊಳಗೇ ಇಡುವುದು ನಮಗೆ ಹೊಸದಲ್ಲ. ವಚನಕಾರರೂ ದಾಸರೂ ಅಂಕಿತವನ್ನು ಪದದ ಒಡಲಲ್ಲೇ ಇಟ್ಟರು; ಯಾರು ಹಾಡಿದರೂ ಅದು ಜೊತೆಗೇ ಹೋಗುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ತಟ್ಟೆಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಲು ಆ ದನಿ ನೆರವಾಗುತ್ತಿತ್ತು. ಕೊನೆಗಾಲಕ್ಕೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಅವರು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ತಟ್ಟೆಗಳಲ್ಲಿ ಹೆಸರು ಇಂದಿಗೂ ಕಳೆದಿಲ್ಲ. ಎಂಬತ್ತು ವರ್ಷಗಳ ನಂತರ ಬಂದ ಸಿಡಿಯಲ್ಲಿ ಹಾಡುಗಳ ಉದ್ದಕ್ಕೆ ಜಾಗವಿತ್ತು, ಹೆಸರಿಗೆ ಮೊದಲಿಗೆ ಜಾಗವೇ ಇರಲಿಲ್ಲ.

ಇನ್ನು ಅಂತರ್ಜಾಲದಿಂದ ಹೆಸರು ತರುವ ತಂತ್ರಾಂಶಗಳು. 2000ದಲ್ಲಿ ಆರಂಭವಾದ ಮ್ಯೂಸಿಕ್‌ಬ್ರೈನ್ಸ್‌ನಂಥ ಸಮುದಾಯದ ಕೆಲಸದ ಬಗ್ಗೆ ನನಗೆ ಗೌರವವಿದೆ. ಅಂಗಡಿಯಲ್ಲಿ ಕೊಂಡ ಸಿಡಿಗೆ ಅದರ ಮಾಹಿತಿ ಚೆನ್ನಾಗಿ ಒದಗುತ್ತದೆ. ಆದರೆ ದೊಡ್ಡಪ್ಪ ಒಂದು ಮನೆಯಂಗಳದ ಬೈಠಕ್ಕಿನಲ್ಲಿ ಮುದ್ರಿಸಿಕೊಂಡ ಹಾಡು ಯಾವ ಭಂಡಾರದಲ್ಲಿದೆ? ಹತ್ತಿರದ ಹೋಲಿಕೆಯನ್ನೇ ಸಾಕೆಂದುಕೊಂಡು ತಂತ್ರಾಂಶ ಬೇರೊಂದು ಆಲ್ಬಮ್ಮಿನ ಹೆಸರನ್ನು ಅದರ ಮೇಲೆ ಬರೆದುಬಿಟ್ಟರೆ, ಆಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ಖಾಲಿ ಜಾಗ ತಾನಾಗಿ ಕಣ್ಣಿಗೆ ಬೀಳುತ್ತದೆ, ತಪ್ಪು ಹೆಸರು ಬೀಳುವುದಿಲ್ಲ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳ ಮೇಲೆ ‘ಗಾಂಧಾರಿ’ ಎಂದಿತ್ತು. ಅದು ಅವರೇ ಎಂದು ಯಂತ್ರಕ್ಕೆ ಹೇಳಬೇಕಾದವರು ಕೇಳುಗರು. ಜೊತೆಗೆ ಈ ಪದ್ಧತಿಗಳ ಚೌಕಟ್ಟು ಮುಖ್ಯವಾಗಿ ಕಲಾವಿದ, ಆಲ್ಬಮ್, ಹಾಡು ಎಂಬ ಮೂರು ಖಾನೆಯದು. ನಮಗೆ ರಾಗ ಬೇಕು, ತಾಳ ಬೇಕು, ಸಾಥಿ ಬೇಕು. ಪಿ.ಬಿ. ಶ್ರೀನಿವಾಸರು ಹಾಡಿದ್ದನ್ನು ‘ರಾಜ್‌ಕುಮಾರ್ ಹಾಡು’ ಎಂದು ಹುಡುಕುವವರೂ ನಮ್ಮಲ್ಲಿದ್ದಾರೆ, ಅವರ ಹುಡುಕಾಟಕ್ಕೂ ಹಾಡು ಸಿಗಬೇಕು. ಈ ದೃಷ್ಟಿಯಿಂದ ಎಂಪಿ3ಗಿಂತ ಫ್ಲ್ಯಾಕ್ ಫೈಲೇ ಮೇಲು: ಅದರ ಟ್ಯಾಗುಗಳು ಸದಾ ಯುಟಿಎಫ್-8, ಖಾನೆಗಳಿಗೆ ರೋಮನ್ ಅಕ್ಷರಗಳಲ್ಲಿ ನಮಗೆ ಬೇಕಾದ ಹೆಸರಿಡಬಹುದು. ದೊಡ್ಡಪ್ಪನ ಕ್ಯಾಸೆಟ್ಟುಗಳನ್ನು ನಾನು ಮತ್ತೆ ಫ್ಲ್ಯಾಕಿಗೆ ಇಳಿಸುತ್ತಿರುವುದು ಇದಕ್ಕಾಗಿಯೇ.

ಹಾಗೆ ಇಳಿಸುವಾಗ ಮನ್ಸೂರರ ಆ ಕ್ಯಾಸೆಟ್ಟಿನ ಹೊದಿಕೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ತಬಲಾ ಎಂದು ಬರೆದ ಮುಂದೆ ಮಳೆಗಾಲದ ಯಾವುದೋ ಸೋರಿಕೆಯಲ್ಲಿ ನೀಲಿ ಶಾಯಿ ಹರಡಿ ಹೋಗಿದೆ. ಮೊದಲ ಅಕ್ಷರ ‘ಬ’ ಇರಬಹುದು, ‘ಚ’ ಕೂಡ ಇರಬಹುದು. ಆ ಖಾನೆಯಲ್ಲಿ ‘ತ್ರುಟಿತ’ ಎಂದು ತುಂಬಿದೆ. ಮರುದಿನ ಅವ್ವ ಅಡುಗೆಮನೆಯಿಂದಲೇ ಅದನ್ನು ಓದಿದಳು. “ಭಾವಾರ ಗೆಳೆಯರೊಬ್ಬರು ಹುಬ್ಬಳ್ಳ್ಯಾಗ ಅದಾರ. ಅವತ್ತಿನ ಬೈಠಕ್ಕಿಗೆ ಅವರೂ ಹೋಗಿದ್ರು. ಕೇಳಿ ನೋಡು” ಅಂದಳು.